ನಾಲ್ಕನೇ ಮಹಡಿಗೆ ಒರಳುಕಲ್ಲು

ನಾಲ್ಕು ಜನ ಸೇರಿದರೂ ಎತ್ತಲಾಗದ ಕಲ್ಲು ನಾಲ್ಕು ಜನರ ಲಿಫ್ಟಿನಲ್ಲಿ ಹೋಗುವುದೇ ಇಲ್ಲ ಎಂದು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ತೀರ್ಪು ಕೊಟ್ಟಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕಲ್ಲು ಎಂದರೆ ನಮ್ಮತ್ತೆಯ ಒರಳುಕಲ್ಲು. ಉತ್ತರಹಳ್ಳಿಯ ಹಳೇ ಮನೆಯನ್ನು ಬಿಲ್ಡರ್‌ಗೆ ಕೊಟ್ಟು, ಅದೇ ಜಾಗದಲ್ಲಿ ಎದ್ದ ಕಟ್ಟಡದ ನಾಲ್ಕನೇ ಮಹಡಿಗೆ ನಾವು ಬಂದಿದ್ದೆವು. ಒರಳು ಮಾತ್ರ ಪಾರ್ಕಿಂಗಿನಲ್ಲೇ ಉಳಿದಿತ್ತು. ನಾನು ಈ ಮನೆಗೆ ಸೊಸೆಯಾಗಿ ಬರುವಾಗ ಮದುವೆಯ ಅರಿಶಿನ ಕುಟ್ಟಿದ್ದು ಅದರಲ್ಲೇ. ಈಗ ನನ್ನ ಮಗಳ ಮದುವೆ ಗೊತ್ತಾಗಿತ್ತು.

"ಭಾನುವಾರದೊಳಗೆ ತೆಗೆಸಿ ಮೇಡಂ, ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡಿ. ಗಾಡಿ ನಿಲ್ಸೋ ಜಾಗ ಅದು" ಎಂದರು ಸೆಕ್ರೆಟರಿ. ಅತ್ತೆ ಅವತ್ತು ಸರಿಯಾಗಿ ಊಟವನ್ನೇ ಮಾಡಲಿಲ್ಲ.

ನಾನೇನು ಸುಮ್ಮನಿರುವವಳೇ? ಲಿಫ್ಟಿನ ಫಲಕದಲ್ಲಿ 272 ಕೆಜಿ ಎಂದು ಬರೆದಿತ್ತು. ಆದರೆ ಒರಳನ್ನು ತೂಗುವ ತಕ್ಕಡಿ ಎಲ್ಲಿಂದ ತರುವುದು? ಅದರ ಗುಂಡುಕಲ್ಲು ಅದೇ ಬಂಡೆಯ ತುಂಡು. ಮಗಳು ತನ್ನ ತೂಕ ನೋಡಿಕೊಳ್ಳುವ ಮೆಷಿನ್ನಿನ ಮೇಲೆ ಗುಂಡನ್ನಿಟ್ಟೆ: ಹದಿಮೂರೂವರೆ ಕೆಜಿ. ತುಂಬಿದ ಬಕೆಟ್ಟಿಗೆ ಇಳಿಸಿದಾಗ ಐದು ಲೀಟರ್ ನೀರು ಚೆಲ್ಲಿತು. ಅಂದರೆ ಒಂದು ಲೀಟರ್ ನೀರಿನಷ್ಟು ಜಾಗ ಹಿಡಿಯುವ ಕಲ್ಲು 2.7 ಕೆಜಿ ತೂಗುತ್ತದೆ. ಇನ್ನು ಒರಳಿಗೆ ಟೇಪು ಹಿಡಿದೆ. ಉದ್ದ, ಅಗಲ ನಲವತ್ತೈದು ಸೆಂಟಿಮೀಟರ್, ಎತ್ತರ ನಲವತ್ತು. ಒಟ್ಟು ಎಂಬತ್ತೊಂದು ಲೀಟರ್. ನಡುವಿನ ಗುಳಿಗೆ ಆರು ಲೀಟರ್ ನೀರು ಹಿಡಿಯಿತು. ಅದನ್ನು ಕಳೆದು, 2.7ರಿಂದ ಗುಣಿಸಿದರೆ ಇನ್ನೂರ ಎರಡೂವರೆ ಕೆಜಿ.

"ಲೆಕ್ಕ ಸರಿ ಮೇಡಂ. ತಳ್ಳೋರ ತೂಕ?" ಎಂದರು ಸೆಕ್ರೆಟರಿ.

"ಅವ್ರು ಹೊರಗಡೆ ನಿಂತೇ ತಳ್ತಾರೆ ಸಾರ್. ಎಳ್ಕೊಳ್ಳೋರು ಮೇಲೆ ನಿಂತಿರ್ತಾರೆ."

ಭಾನುವಾರ ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ ಕಲ್ಲನ್ನು ಒಳಗೆ ತಳ್ಳಿದ್ದಾಯಿತು. ಅಷ್ಟರಲ್ಲಿ ಅತ್ತೆ ನುಗ್ಗಿ ಅದರ ಪಕ್ಕ ನಿಂತುಬಿಟ್ಟರು. "ಇದನ್ನ ಒಂಟಿಯಾಗಿ ಕಳ್ಸಲ್ಲ" ಎಂದರು. ನಲವತ್ತೆಂಟು ಕೆಜಿಯ ಜೀವ. ಮನಸ್ಸಿನಲ್ಲೇ ಕೂಡಿಸಿ ನೋಡಿ, "ಹೋಗಿ ಅತ್ತೆ" ಎಂದೆ. ಸೆಕ್ರೆಟರಿಗೆ ಸುಮ್ಮನೆ ನೋಡುತ್ತಾ ನಿಲ್ಲಲಾಗಲಿಲ್ಲ, "ನಾನೂ ನೋಡ್ಕೋತೀನಿ" ಎಂದು ಒಳಗೆ ಕಾಲಿಟ್ಟರು. ಲಿಫ್ಟು ಕಿರ್ರೋ ಎಂದು ಅರಚತೊಡಗಿತು.

"ನೀವೇ ಕಣಪ್ಪ ಭಾರ, ಕಲ್ಲಲ್ಲ. ಇಳೀರಿ" ಎಂದರು ಅತ್ತೆ.

ಅವರು ಇಳಿದದ್ದೇ ಸದ್ದು ನಿಂತಿತು, ಬಾಗಿಲು ಮುಚ್ಚಿತು. ನಾನು ಮೆಟ್ಟಿಲು ಹತ್ತಿ ಓಡಿದೆ. ಗೆದ್ದ ಸಂತೋಷಕ್ಕೆ ಮಂಡಿನೋವೂ ಮರೆತುಹೋಗಿತ್ತು. ಮೇಲೆ ಬಾಗಿಲು ತೆರೆದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ, ಐದು ಅರಿಶಿನದ ಕೊಂಬುಗಳನ್ನು ಒರಳಿನ ಗುಳಿಗೆ ಹಾಕುತ್ತಿದ್ದರು.

"ಇದನ್ನ ಸೇರಿಸಿದ್ಯೇನೇ ನಿನ್ನ ಲೆಕ್ಕಕ್ಕೆ?" ಎಂದು ಕೇಳಿದರು.