ಎಪ್ಪತ್ತೊಂದು ಮಣಿ

ಚೀನಾ ಯುದ್ಧ ಮುಗಿಸಿಕೊಂಡು ಅಣ್ಣ ಚನ್ನಪಟ್ಟಣಕ್ಕೆ ಬಂದಾಗ ಅವನ ಎಡಗಾಲಿನಲ್ಲಿ ಎರಡೇ ಬೆರಳು ಉಳಿದಿದ್ದವು. ಮಿಕ್ಕವನ್ನು ಹಿಮ ತಿಂದಿತ್ತು. ಅಪ್ಪ ಆ ಕಾಲನ್ನು ನೋಡಲಿಲ್ಲ. 'ಜೊತೇಲಿದ್ದೋರೆಲ್ಲ ಅಲ್ಲೇ ಸತ್ರಂತೆ, ಇವ್ನು ಓಡ್ಬಂದವ್ನೆ' ಎಂದು ಬೀದಿಯಲ್ಲಿ ಯಾರೋ ಆಡಿದ್ದನ್ನು ನಂಬಿ, ಮಗನ ಜೊತೆ ಮಾತು ಬಿಟ್ಟ.

ನಾನೇನು ಕಡಿಮೆಯವಳಲ್ಲ. ಅದೇ ಮಾತು ಕೇಳಿ ಕೈಲಾಂಚದ ಗಂಡಿನ ಕಡೆಯವರು ನನ್ನ ಮದುವೆ ಮುರಿದಾಗ, ಮುದ್ದೆಯ ತಟ್ಟೆಯನ್ನು ಅಣ್ಣನ ಮುಂದೆ ಕುಕ್ಕಿ, 'ನೀನೂ ಅಲ್ಲೇ ಇದ್ಬುಡ್ಬೇಕಿತ್ತು' ಅಂದೆ.

ಅವನು ತಟ್ಟೆ ಎಳೆದುಕೊಂಡು ಉಂಡ. ದಿನವೂ ಅಪ್ಪನ ಪಕ್ಕದಲ್ಲೇ ಕೂತು ತಿರುಗಣಿಯಲ್ಲಿ ಬೊಂಬೆ ಕಡೆಯುತ್ತಿದ್ದ. ಇಬ್ಬರ ನಡುವೆ ಒಂದು ಮೊಳ ಜಾಗ. ಆದರೂ ಅಪ್ಪ ನನ್ನನ್ನು ಒಳಗಿನಿಂದ ಕರೆದು, 'ಅವ್ನಿಗೆ ಹೇಳು, ಅರಗು ಕೊಡ್ಲಿ' ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಅಣ್ಣ ಕುಂಕುಮದ ಭರಣಿಗೆಂದು ಇಟ್ಟಿದ್ದ ಮರದಲ್ಲಿ ಚಪ್ಪಟೆಯ ದುಂಡು ಡಬ್ಬಿಯೊಂದನ್ನು ಕಡೆದ. ಬಣ್ಣ ಹಾಕಲಿಲ್ಲ. ಸರಕ್ಕೆ ಮಾಡಿದ್ದ ಮರದ ಮಣಿಗಳನ್ನು ಎಣಿಸಿ ಅದರಲ್ಲಿ ತುಂಬಿ ಅಪ್ಪನ ಮುಂದೆ ಹಿಡಿದ.

'ಚೀನಾದೋರ ಕೋವಿ ಕೆಳ್ಗೆ ಇಂಥ ಡಬ್ಬಿ ಐತೆ. ಎಪ್ಪತ್ತೊಂದು ಗುಂಡು. ಬೆರಳು ಒತ್ತಿ ಹಿಡುದ್ರೆ ಸಾಕು.'

ಡಬ್ಬಿ ಮಗುಚಿದ. ಮಣಿಗಳು ಭರ್ರನೆ ನೆಲದ ತುಂಬ ಚೆಲ್ಲಿದವು. ಆಮೇಲೆ ಬೇರೆ ಹತ್ತು ಮಣಿ ತೆಗೆದುಕೊಂಡು, ಪ್ರತಿಸಲ ಕೋವಿಯ ಚಿಲಕ ಎಳೆದು ತಳ್ಳಿದ ಹಾಗೆ ಕೈಯಾಡಿಸುತ್ತ, ಒಂದೊಂದನ್ನೇ ಖಾಲಿ ಡಬ್ಬಿಗೆ ಹಾಕಿದ.

'ಇದು ನಮ್ದು, ಹತ್ತೇ ಗುಂಡು. ನಾಕ್ನೇದು ಹೊಡಿಯೋ ಹೊತ್ಗೆ ನನ್ನ ಪಕ್ಕ ಯಾರೂ ಇರ್ನಿಲ್ಲ ಕಣಪ್ಪ. ಹಿಂದಕ್ಕೆ ಬನ್ನಿ ಅಂತ ಸಾಹೇಬ್ರು ಅಂದ್ರು, ಬಂದೆ.'

ಆ ಡಬ್ಬಿಯ ಕೋವಿ ಹಿಂದಿನ ಮಹಾಯುದ್ಧದಲ್ಲಿ ರಷ್ಯಾದವರು ತಗಡು ಒತ್ತಿ ರಾಶಿರಾಶಿಯಾಗಿ ಮಾಡಿದ ಕೋವಿಯ ಚೀನೀ ನಕಲಂತೆ. ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಾವು ಗಿಲಕಿ ಮಾಡಿದ ಹಾಗೆ ಮಾಡಿದ್ದರು, ಪಾಪಿಗಳು.

ಅಪ್ಪ ಮಂಡಿಯೂರಿ ಮರದ ಹೊಟ್ಟಿನಲ್ಲಿ ಮಣಿ ಹೆಕ್ಕತೊಡಗಿದ. ನಾನೂ ಕೂತೆ. ಎಪ್ಪತ್ತು ಸಿಕ್ಕವು. ಅಪ್ಪ ತಿರುಗಣಿಯ ಕೆಳಗೆಲ್ಲ ಕೈ ಹಾಕಿ ತಡಕಾಡಿದ.

'ಒಂದು ಸಿಗ್ತಿಲ್ವಲ್ಲೋ ಮಗ.' ಮಾತು ಬಿಟ್ಟ ಮೇಲೆ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

'ಬುಡಪ್ಪ,' ಅಂದ ಅಣ್ಣ. 'ಅದು ನಂಗೆ ತಗುಲ್ದೆ ಹೋದುದ್ದು.'

ಅಪ್ಪ ಆ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತ. ನಾನು ಮಾತ್ರ ನಾಚಿಕೆಯಿಂದ ಎದ್ದು ಒಳಗೆ ಹೋದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಅಣ್ಣ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ, ನನ್ನ ಕೈಯಿಂದಲೇ ಮುದ್ದೆ ಬಡಿಸಿಕೊಂಡ. ತಟ್ಟೆ ಕುಕ್ಕಿ ಅಂದ ಆ ಮಾತು ತಪ್ಪಾಯಿತು ಎಂದು ನಾನು ಕೊನೆಗೂ ಹೇಳಲಿಲ್ಲ.