ಬೀರಲಿಂಗಯ್ಯ ಕಟ್ಟಿದ ದಬ್ಬೆ

ಏಯ್, ಬಸ್ ಸ್ಟ್ಯಾಂಡ್ ತಾವ ನಿಂತಿರೋರೇ, ಇತ್ಲಾಗ್ ಬನ್ರಲಾ! ಫೋನ್ ಸೌಂಡು ಒಸಿ ಜಾಸ್ತಿ ಮಾಡ್ಕಳಿ. ಇದು ನಮ್ ದೊಡ್ಡಆಲಹಳ್ಳಿ ಬೀರಲಿಂಗಯ್ಯನ ಸುದ್ದಿ.

ಎಂಟನೇ ವಯಸ್ಸಿನಿಂದ ಕುರಿ ಮೇಯಿಸಿದವನು. ಕಾಲು ಮುರಿದ ಕುರಿಗೆ ದಬ್ಬೆ ಕಟ್ಟಿಸಲು ಸುತ್ತಲ ಹಳ್ಳಿಯವರು ಇವನ ಮನೆಗೇ ಬರುತ್ತಿದ್ದರು. ಗೋಡೌನ್ ಕಾಯುವ ಕೆಲಸವೆಂದು ಏಜೆಂಟ್ ಹೇಳಿದ್ದನ್ನು ನಂಬಿ ವಿಮಾನ ಹತ್ತಿದ. ಇಳಿದ ಚಳಿ ದೇಶದಲ್ಲಿ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ನೂಕಿದರು. ಹದಿನೆಂಟನೇ ದಿನಕ್ಕೆ ಎದುರು ಪಡೆಗೆ ಸೆರೆಸಿಕ್ಕ. ಜೊತೆಗೆ ಸಿಕ್ಕಿಬಿದ್ದವನು ಇವನಂತೆಯೇ ಮೋಸಹೋಗಿ ಬಂದಿದ್ದ ಹೊಂಗನೂರಿನ ರೇಷ್ಮೆ ಬೆಳೆಗಾರ ಕೆಂಪರಾಜು.

ಒಂದು ಬೆಳಿಗ್ಗೆ ಕಾವಲುಗಾರ ಬಂದೂಕಿನ ಹಿಂಬದಿಯಿಂದ ಕೆಂಪರಾಜುವಿನ ಮೊಣಕಾಲ ಕೆಳಗೆ ಎರಡೇಟು ಬಿಟ್ಟ. ಮೂಳೆ ಲಟಕ್ಕೆಂದಿದ್ದು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದ ಹನ್ನೊಂದು ಜನಕ್ಕೂ ಕೇಳಿಸಿತು. ಸಂಜೆ ತಲೆ ಎಣಿಸುವಾಗ ಎದ್ದು ನಿಲ್ಲಲಾರದವರನ್ನು ಹೊರಗೆ ಎಳೆದೊಯ್ಯುತ್ತಿದ್ದರು. ಹಿಂದಿನ ವಾರ ಹಾಗೆ ಹೋದ ಇಬ್ಬರ ಬೂಟುಗಳಷ್ಟೇ ವಾಪಸು ಬಂದಿದ್ದವು.

“ಬೀರಣ್ಣ, ನನ್ ಕತೆ ಮುಗೀತು ಕಣಣ್ಣ.”

“ಮುಚ್ಲಾ ಬಾಯಿ. ಕಾಲ್ ಮುರ್ಕಂಡ ಟಗರ್ನೇ ನಿಲ್ಸಿವ್ನಿ, ನಿನ್ನ ನಿಲ್ಸಕಾಗಲ್ವಾ?”

“ಅದ್ಕೆ ಇನ್ನೂ ಮೂರು ಕಾಲಿದ್ವಲ್ಲಣ್ಣೋ!”

ಬೀರಲಿಂಗಯ್ಯ ಆಲೂಗಡ್ಡೆ ಪೆಟ್ಟಿಗೆಯ ನಾಲ್ಕು ಪಟ್ಟಿ ಕಿತ್ತ. ತನ್ನ ಸ್ವೆಟರಿನ ತೋಳು ಬಿಚ್ಚಿ, ಉಣ್ಣೆಯನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿದ. ಕೆಂಪರಾಜುವಿನ ಬಾಯಿಗೆ ಟೋಪಿ ತುರುಕಿ, ಪಾದ ಹಿಡಿದೆಳೆದು ಮೂಳೆ ಕೂಡಿಸಿ ಬಿಗಿದ. ಭಾಷೆ ತಿಳಿಯದ ಉಳಿದವರು ಬಾಗಿಲಿಗೆ ಅಡ್ಡ ನಿಂತು, ನರಳಾಟ ಹೊರಗೆ ಕೇಳದಂತೆ ಒಟ್ಟಿಗೇ ಕೆಮ್ಮಿದರು. ಮಡಚಿದ್ದ ಪ್ಯಾಂಟಿನ ಕಾಲನ್ನು ಕೆಳಗೆ ಬಿಟ್ಟರೆ ದಬ್ಬೆ ಕಾಣುತ್ತಿರಲಿಲ್ಲ.

ಸಂಜೆ ಕಾವಲುಗಾರನಿಗೆ ಅದೇನು ಅನುಮಾನವೋ, ಸಾಲಿನಲ್ಲಿದ್ದ ಒಬ್ಬೊಬ್ಬರ ಕಾಲಿಗೂ ಒದೆಯುತ್ತಾ ಬಂದ. ಇನ್ನೊಬ್ಬನನ್ನು ಒದ್ದರೆ ಮುಂದಿನ ಸರದಿ ದಬ್ಬೆಯ ಮೇಲೆ ನಿಂತಿದ್ದ ಕೆಂಪರಾಜುವಿನದೇ.

“ಹುರ್ರ್ರ್! ಬಾರ್ಲಾ ಓತ, ನನ್ ತಾವ ಬಾ!” ಎಂದು ಬೀರಲಿಂಗಯ್ಯ ಕಾವಲುಗಾರನನ್ನೇ ನೋಡುತ್ತಾ ಹಿಂಡಿನ ಹೋತವನ್ನು ಕರೆಯುವಂತೆ ಕೂಗಿದ. ಮಾತು ತಿಳಿಯದಿದ್ದರೂ ಸಾಲಿಗೆ ಸಾಲೇ ಕಿಸಕ್ಕೆಂದಿತು.

ಕಾವಲುಗಾರ ಅವನ ಮೇಲೆ ಎರಗಿದ. ಮೊದಲ ಏಟಿಗೆ ಎರಡು ಹಲ್ಲು ಉದುರಿದವು. ಕೆಳಗೆ ಬಿದ್ದವನ ಬಲಗೈ ಬೆರಳುಗಳನ್ನು ಬೂಟಿನಿಂದ ಅರೆದ. ಅವು ಒಂದೊಂದಾಗಿ ಮುರಿದವು. ಕಾವಲುಗಾರ ತನಗೇ ಏದುಸಿರು ಬಂದ ಮೇಲೆ, ಬೀರಲಿಂಗಯ್ಯ ಗೋಡೆ ಹಿಡಿದು ಎದ್ದು ನಿಂತದ್ದನ್ನು ನೋಡಿ, ದೂರದಿಂದಲೇ ಹನ್ನೊಂದು ತಲೆ ಎಣಿಸಿ ಬಾಗಿಲು ಬಡಿದುಕೊಂಡು ಹೋದ.

ಆಮೇಲೆಯೇ ಕೆಂಪರಾಜು ಕುಸಿದದ್ದು. “ಬೀರಣ್ಣ, ಕಾಲ್ಬೆರಳು ಗೊತ್ತೇ ಆಯ್ತಿಲ್ಲ.”

ಕೆಂಪರಾಜುವಿನ ಕಾಲ್ಬೆರಳುಗಳು ನೀಲಿಯಾಗಿದ್ದವು, ಕಟ್ಟು ಬಿಗಿಯಾಗಿತ್ತು. ಬೀರಲಿಂಗಯ್ಯ ತೆವಳಿ ಬಂದು, ಉಳಿದ ಹಲ್ಲುಗಳಲ್ಲಿ ಗಂಟು ಕಚ್ಚಿ ಸಡಿಲಿಸಿದ. ಉಣ್ಣೆಗೆ ರಕ್ತ ಮೆತ್ತಿತು. ಅವನ ಕಾಲಿನ ಹೆಬ್ಬೆರಳಿಗೆ ಮತ್ತೆ ಬಣ್ಣ ಬರುವವರೆಗೆ ಎಡಗೈಯಿಂದ ಉಜ್ಜಿದ.