ಅವಳಮ್ಮ ಇನ್ನೂ ರೈಲಿನಲ್ಲಿದ್ದಾರೆ

ಇಲ್ಲ... ಸಾಧ್ಯವೇ ಇಲ್ಲ.
ನಿನ್ನೆ ಸಂಜೆ ಐಸಿಯು ಗಾಜಿನಾಚೆಯಿಂದ ನನಗೆ ಕೈ ಬೀಸಿದವಳು...
ಊಟ ಮಾಡಿದೆಯಾ ಎಂದು ಸನ್ನೆಯಲ್ಲೇ ಕೇಳಿದವಳು...
ಇವತ್ತು ಬೆಳಿಗ್ಗೆ ಇಲ್ಲ ಎಂದರೆ ಹೇಗೆ ನಂಬುವುದು?

ಡೆಂಗ್ಯೂ ಅಂತೆ.
ಗಟ್ಟಿಮುಟ್ಟಾದ ಹೆಂಗಸನ್ನು ಒಂದು ಸೊಳ್ಳೆ ಎತ್ತಿಕೊಂಡು ಹೋಯಿತಂತೆ. ಥೂ...

ಹೆಸರು ಬರೆಯುತ್ತಿಲ್ಲ. ಫೋಟೋ ಹಾಕುತ್ತಿಲ್ಲ.
ಗೊತ್ತಿರುವವರಿಗೆ ಗೊತ್ತಾಗುತ್ತದೆ... ನಮ್ಮ ಅಕ್ಕ.
ದಯವಿಟ್ಟು ಕಮೆಂಟಿನಲ್ಲೂ ಹೆಸರು ಹಾಕಬೇಡಿ. ಯಾರನ್ನೂ ಟ್ಯಾಗ್ ಮಾಡಬೇಡಿ.
ಅವಳಮ್ಮ, ನಾವೆಲ್ಲ ಅವಳ ಭಾಷೆಯಲ್ಲೇ ಮಾವುಸಿ, ಚಿಕ್ಕಮ್ಮ, ಎಂದು ಕರೆಯುವ ಆ ತಾಯಿ, ನಿನ್ನೆ ಒಡಿಶಾದಿಂದ ಹೊರಟವರು ಇನ್ನೂ ರೈಲಿನಲ್ಲಿದ್ದಾರೆ.
ಮಗಳಿಗೆ ಸೀರಿಯಸ್ ಎಂದಷ್ಟೇ ಅವರಿಗೆ ಗೊತ್ತು.
ಜೊತೆಗಿರುವ ಮಗನಿಗೆ ಮಾತ್ರ ವಿಷಯ ಮುಟ್ಟಿಸಿದ್ದೇವೆ.

ಅಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಕಾಲೇಜ್ ಗ್ರೂಪಿನಲ್ಲಿ ಅವಳ ಫೋಟೋ ಹಾಕಿ, ಪಕ್ಕದಲ್ಲಿ ದೀಪ ಬೇರೆ ಇಟ್ಟಿದ್ದಳು! ಬೈದು ತೆಗೆಸಿದೆ. ಏನವಸರ ಮಾರಾಯರೇ ನಿಮಗೆಲ್ಲ?

ಅಕ್ಕ ಯಾರು ಎಂದು ತಿಳಿಯದವರಿಗೆ...
ಚೆನ್ನೈಯ ನಮ್ಮ ಲೇಡೀಸ್ ಕಾಲೇಜಿನ ಹಾಸ್ಟೆಲ್ ತಾರಸಿಯಲ್ಲಿ ಒಂದು ಪುಟ್ಟ ಗುಂಪಿತ್ತು. 'ಸೊರೊರಿಟಿ' ಎಂದು ದೊಡ್ಡ ಹೆಸರು, ಇದ್ದದ್ದು ಬೆರಳೆಣಿಕೆಯ ಹುಡುಗಿಯರು. ಜಾಫ್ನಾದವಳೊಬ್ಬಳು, ಕೊಟ್ಟಾಯಂನವಳೊಬ್ಬಳು, ಮಣಿಪುರದವಳೊಬ್ಬಳು... ಎಲ್ಲರಿಗೂ ಯಜಮಾನಿ ಅಕ್ಕ.
ಪ್ರಿನ್ಸಿಪಾಲ್ ಕರೆಸಿ, "ವಾಟ್ ಈಸ್ ದಿಸ್ ಸೊರೊರಿಟಿ?" ಎಂದು ಗದರಿದಾಗ, "ಸಿಸ್ಟರ್ಸ್, ಮೇಡಂ. ಓನ್ಲಿ ಸಿಸ್ಟರ್ಸ್" ಎಂದು ತಣ್ಣಗೆ ಹೇಳಿ ಬಂದಿದ್ದಳು.

ನಾನು ಮೈಲಾಪೂರದ ಹೋಟೆಲಿನವರ ಮಗಳು, ಡೇ ಸ್ಕಾಲರ್. ಕ್ಲಾಸಿನಲ್ಲಿ ಯಾರೊಂದಿಗೂ ಬೆರೆಯದೆ ಒಬ್ಬಳೇ ಓಡಾಡುತ್ತಿದ್ದೆ. ಅಕ್ಕನೇ ಕೈ ಹಿಡಿದು ತಾರಸಿಗೆ ಎಳೆದುಕೊಂಡು ಹೋದಳು.
"ಎಪ್ಪಡಿ ಇರುಕ್ಕೆ?" ಎಂದಳು, ಆ ಒಡಿಯಾ ಬೆರೆತ ತಮಿಳಿನಲ್ಲಿ.
"ಫೈನ್."
"ಇಂಗೆ ಫೈನ್ ಸೊಲ್ಲಕೂಡಾದು!"
ಸೇರಿಕೊಳ್ಳಲು ಇದ್ದದ್ದು ಅದೊಂದೇ ರೂಲು. ಫೈನ್ ಎನ್ನಬಾರದು... ನಿಜ ಹೇಳಬೇಕು.

ಹೇಳಿದೆ.
ಅದರ ಹಿಂದಿನ ವರ್ಷ ಅಮ್ಮನಿಗೆ ಸ್ವಲ್ಪ ಸೀರಿಯಸ್ ಎಂದು ನನ್ನನ್ನು ಸ್ಕೂಲಿನಿಂದ ಕರೆಸಿಕೊಂಡಿದ್ದರು. ಆಟೋದಲ್ಲಿ ದಾರಿಯುದ್ದಕ್ಕೂ ಹರಕೆ ಹೊತ್ತುಕೊಂಡು ಹೋದೆ. ಮನೆ ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳನ್ನು ನೋಡಿದ ಮೇಲೆಯೇ ಅಮ್ಮ ಇಲ್ಲ ಎಂದು ಗೊತ್ತಾದದ್ದು.
ಅಕ್ಕ ಸಮಾಧಾನ ಮಾಡಲಿಲ್ಲ. ಸಿಟ್ಟಾದಳು.
"ಯಾರು ನಿನಗೆ ಸುಳ್ಳು ಹೇಳಿದ್ದು? ಸುಮ್ಮನೆ ಅಷ್ಟೊಂದು ಹರಕೆ ಹೊರಿಸಿದರಲ್ಲ!" ಎಂದು ಅತ್ತಳು. ನಾನೂ ಅತ್ತೆ. ಅಲ್ಲಿಗೆ ಸೇರಿಕೊಂಡಾಯಿತು.

ಓದು ಮುಗಿದ ಮೇಲೂ ಅವಳು ಊರಿಗೆ ಹೋಗಲಿಲ್ಲ. ಇಲ್ಲೇ ಟೀಚರ್ ಆದಳು. ಭಾನುವಾರ ನಮ್ಮ ಹೋಟೆಲಿನಲ್ಲೇ ಊಟ. "ಅಂಕಲ್, ಸಾಂಬಾರಿಗೆ ಯಾಕಿಷ್ಟು ಬೆಲ್ಲ?" ಎಂದು ಅಪ್ಪನನ್ನೇ ವಿಚಾರಿಸಿಕೊಳ್ಳುತ್ತಿದ್ದಳು.

ಅಕ್ಕಾ... ಕೇಳಿಸ್ತಿದೆಯಾ?
ಈಗ ಆ ಸುಳ್ಳನ್ನು ನಾನೇ ಹೇಳುತ್ತಿದ್ದೇನೆ ಕಣೇ... ನಿನ್ನಮ್ಮನಿಗೆ.
ಮಧ್ಯಾಹ್ನ ಮಾವುಸಿ ಫೋನ್ ಮಾಡಿದರು. ಅರ್ಧಂಬರ್ಧ ಹಿಂದಿಯಲ್ಲಿ, "ಪ್ಲೇಟ್‌ಲೆಟ್ ಏರಿತಾ ಮಗಳೇ?" ಎಂದರು.
"ಏರ್ತಾ ಇದೆ ಮಾವುಸಿ" ಎಂದೆ.
ನನ್ನ ನಾಲಿಗೆ ಬಿದ್ದು ಹೋಗಬಾರದಿತ್ತೇ!

ಏನು ಮಾಡಲಿ ಹೇಳು? ನಿನ್ನ ತಮ್ಮ ಬೋಗಿಯ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಅಳುತ್ತಿದ್ದ. "ದೀದಿ, ಇಲ್ಲಿ ಅಮ್ಮನನ್ನು ನಾನೊಬ್ಬನೇ ಹೇಗೆ ಹಿಡಿದುಕೊಳ್ಳಲಿ? ಚೆನ್ನೈ ಬರಲಿ... ಕೈ ಮುಗೀತೀನಿ" ಎಂದ.
ನೀನಾಗಿದ್ದರೆ ಬೈತಿದ್ದೆ. ಬೈ... ಎದ್ದು ಬಂದು ಒಂದು ಸಲ ಬೈಯೇ.

ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದರು.
"ನೀನೇ ಹೇಳ್ಬೇಕು ಮಗಾ. ಸ್ಟೇಷನ್ನಲ್ಲೇ ಹೇಳು. ಆಸ್ಪತ್ರೆ ಬಾಗಿಲಲ್ಲಿ ಗೊತ್ತಾಗೂದು ಬೇಡ... ನಿನಗಾದ ಹಾಗೆ."
ಆ ದಿನ ನನಗೆ ಸುಳ್ಳು ಹೇಳಿ ಕರೆಸಿದ್ದು ಅವರೇ. ಇಷ್ಟು ವರ್ಷಗಳಲ್ಲಿ ಅದರ ಬಗ್ಗೆ ಅವರು ಬಾಯಿ ಬಿಟ್ಟದ್ದು ಇದೇ ಮೊದಲು.

ರೈಲು ಗೂಡೂರು ದಾಟಿದೆ. ಇನ್ನೆರಡು ಗಂಟೆಯಲ್ಲಿ ಇಲ್ಲಿರುತ್ತದೆ.
ಚೆನ್ನೈಯಲ್ಲಿರುವ ನಾವೆಲ್ಲ ಸೆಂಟ್ರಲ್‌ಗೆ ಹೊರಟಿದ್ದೇವೆ. ಪ್ಲಾಟ್‌ಫಾರ್ಮಿನಲ್ಲಿ ಮಾವುಸಿಯನ್ನು ಒಂದು ಕಡೆ ಕೂರಿಸಿ, ಎರಡೂ ಕೈ ಹಿಡಿದುಕೊಂಡು, ನಾನೇ ಹೇಳುತ್ತೇನೆ. ಹೇಗೆ ಹೇಳುತ್ತೇನೋ ಗೊತ್ತಿಲ್ಲ...

ಈಗಷ್ಟೇ ತಮ್ಮನ ಮೆಸೇಜ್ ಬಂತು.
ಮಾವುಸಿ ಮುಖ ತೊಳೆದು, ತಲೆ ಬಾಚಿ, ಚೀಲದಿಂದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡಿದ್ದಾರಂತೆ.
"ಬಾಡಿದ ಮುಖ ಹೊತ್ತುಕೊಂಡು ಹೋದರೆ ಅವಳು ಹೆದರಿಕೊಳ್ತಾಳೆ" ಎಂದರಂತೆ.

ಹೋಗಿ ಬಾ ಅಕ್ಕಾ...
ನಿನ್ನ ಜೀವವಾದರೂ ನೆಮ್ಮದಿಯಾಗಿರಲಿ.